ಹೆದ್ದಾರಿ ಫಲಕಗಳ ಲೇಖನ: ಮೂರನೇ ಪ್ಯಾರಾ ಮತ್ತೆ ಬರೆಯಿರಿ

ಮಾನ್ಯರೇ,

ಅಮೆರಿಕದ ಹೆದ್ದಾರಿ ಬದಿಯ ಜಾಹೀರಾತು ಫಲಕಗಳ ತೆರವು ಕುರಿತ ನಿಮ್ಮ ಲೇಖನವನ್ನು ಈಗಿರುವಂತೆ ಪ್ರಕಟಿಸಲಾಗದು. ಭಾಷೆ ಚೆನ್ನಾಗಿದೆ. ಆದರೆ "ನಿಯಮಕ್ಕೆ ಹೊಂದದ ಫಲಕಕ್ಕೆ ಕೆಲವು ವರ್ಷ ಗಡುವು ಕೊಟ್ಟು ಪರಿಹಾರವಿಲ್ಲದೆ ಕೀಳಬಹುದು" ಎಂಬ ಮೂರನೇ ಪ್ಯಾರಾದ ಮಾತು ತಪ್ಪು, ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ.

ನೀವು ಎರಡು ಬಗೆಯ ಫಲಕಗಳನ್ನು ಒಂದೇ ಗೂಟಕ್ಕೆ ಕಟ್ಟಿದ್ದೀರಿ. ಕಾನೂನು ಮೀರಿ ನಿಲ್ಲಿಸಿದ್ದು ಅಕ್ರಮ, ಅದಕ್ಕೆ ಪರಿಹಾರವಿಲ್ಲ. ನಿಲ್ಲಿಸಿದಾಗ ಸಕ್ರಮವಾಗಿದ್ದು, ಆಮೇಲೆ ನಿಯಮ ಬದಲಾಗಿ ಹೊಂದದೆ ಹೋದದ್ದು ಬೇರೆ. 1965ರ ಹೆದ್ದಾರಿ ಸೌಂದರ್ಯೀಕರಣ ಕಾಯ್ದೆ ಪರಿಹಾರ ಕೊಡಿಸುವುದು ಇದಕ್ಕೆ. ಅದೂ ಇಬ್ಬರಿಗೆ: ಫಲಕ ಮತ್ತು ಗುತ್ತಿಗೆ ಹಕ್ಕು ಕಳೆದುಕೊಂಡ ಫಲಕದ ಮಾಲೀಕರಿಗೆ, ಫಲಕ ನಿಲ್ಲಿಸುವ ಹಕ್ಕು ಕಳೆದುಕೊಂಡ ಜಮೀನಿನ ಮಾಲೀಕರಿಗೆ. ಜಮೀನಿನವರ ಸುದ್ದಿಯೇ ನಿಮ್ಮಲ್ಲಿಲ್ಲ.

ಗಡುವು ಕೊಟ್ಟು ಕೈತೊಳೆದುಕೊಳ್ಳುವ ದಾರಿಯನ್ನು ನಗರಗಳು ಹಿಡಿದಿದ್ದವು, ನಿಜ. ಕಾಯ್ದೆಯ ವ್ಯಾಪ್ತಿಯ ಹೆದ್ದಾರಿಗಳಲ್ಲಿ 1978ರ ತಿದ್ದುಪಡಿ ಅದಕ್ಕೆ ತಡೆ ಹಾಕಿತು. ಅಲ್ಲಿ ಸಕ್ರಮ ಫಲಕವನ್ನು ಸ್ಥಳೀಯ ವಲಯ ನಿಯಮದಡಿ (ಯಾವ ಜಾಗ ಯಾವ ಬಳಕೆಗೆ ಎಂಬ ನಿಯಮ) ಕಿತ್ತರೂ ದುಡ್ಡು ಕೊಡಬೇಕು. ಫಲಕ ನಿಯಂತ್ರಣದಲ್ಲಿ ಕಾಯ್ದೆ ಪಾಲಿಸದ ರಾಜ್ಯಕ್ಕೆ ಕೇಂದ್ರದ ಹೆದ್ದಾರಿ ಅನುದಾನದಲ್ಲಿ 10% ಕಡಿತದ ದಂಡವಿದೆ. ಪರಿಹಾರದಲ್ಲಿ ಕೇಂದ್ರದ ಪಾಲು 75%. ಆ ಪಾಲಿಗೆ ಹಣವಿಲ್ಲದಿದ್ದರೆ ಫಲಕ ತೆಗೆಸಲೇಬೇಕೆಂಬ ಕಡ್ಡಾಯವೂ ಇಲ್ಲ. ಹಳೆಯ ಫಲಕಗಳು ಇನ್ನೂ ಯಾಕೆ ನಿಂತಿವೆ ಎಂದು ಕೊನೆಯಲ್ಲಿ ಕೇಳಿದ್ದೀರಲ್ಲ, ಉತ್ತರದ ದೊಡ್ಡ ಪಾಲು ಇಲ್ಲೇ ಇದೆ. ಲಂಚದ ಊಹೆ ತೆಗೆದುಹಾಕಿ.

ಕಾಯ್ದೆ ಫಲಕಗಳನ್ನು ನಿಯಂತ್ರಿಸುವ 660 ಅಡಿ ದೂರವನ್ನು ರಸ್ತೆಯ ನಡುಗೆರೆಯಿಂದ ಅಳೆದಿದ್ದೀರಿ. ಅಳೆಯಬೇಕಾದದ್ದು ಹೆದ್ದಾರಿಗೆ ಮೀಸಲಾದ ಜಾಗದ ಹತ್ತಿರದ ಅಂಚಿನಿಂದ. ನಗರ ಪ್ರದೇಶದ ಹೊರಗೆ ಆ 660 ಅಡಿಯಾಚೆ ನಿಂತರೂ, ರಸ್ತೆಯಲ್ಲಿ ಹೋಗುವವರು ಓದಲೆಂದೇ ಹಾಕಿದ ಫಲಕ 1974ರ ತಿದ್ದುಪಡಿಯಿಂದ ಕಾಯ್ದೆಯ ಹಿಡಿತದಲ್ಲಿದೆ. 1981ರ ಮೆಟ್ರೋಮೀಡಿಯಾ ತೀರ್ಪನ್ನೂ ಪರಿಹಾರದ ವಿಚಾರಕ್ಕೆ ಎಳೆದು ತಂದಿದ್ದೀರಿ. ಅದರಲ್ಲಿ ಸ್ಯಾನ್ ಡಿಯಾಗೊ ನಗರದ ಫಲಕ ನಿಯಮವನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು ವಾಕ್ ಸ್ವಾತಂತ್ರ್ಯದ ಕಾರಣಕ್ಕೆ.

ತಿದ್ದುವಾಗ ಒಂದೇ ಫಲಕವನ್ನು ಹಿಡಿದು ಹೋಗಿ: ಯಾವ ಹೆದ್ದಾರಿ, ಅಂಚಿನಿಂದ ಎಷ್ಟು ಅಡಿ, ಅನುಮತಿ ಯಾವ ವರ್ಷದ್ದು, ಆಗಿನ ವಲಯ ಯಾವುದು, ಜಮೀನು ಯಾರದು. ಇಷ್ಟಕ್ಕೆ ದಾಖಲೆ ಸಿಕ್ಕ ಮೇಲೆ ಕಳಿಸಿ, ಓದುತ್ತೇವೆ.

– ಸಂಪಾದಕ