ಸ್ಪಿಟ್‌ಫೈರ್‌ಗೆ ಹೆರಾಲ್ಡ್ ಸ್ಪ್ರಿಂಗ್ ಆಗುತ್ತದಾ?

ಪ್ರಶ್ನೆ: ಹಳೇ ಟ್ರಯಂಫ್ ಸ್ಪಿಟ್‌ಫೈರ್ ಮಾರ್ಕ್ 4 ಕಾರು ಸರಿ ಮಾಡಿಸುತ್ತಿದ್ದೇನೆ. ಹಿಂಭಾಗ ಎತ್ತರ ನಿಂತಿದೆ, ಹಿಂದಿನ ಚಕ್ರಗಳ ಬುಡ ಒಳಕ್ಕೆ ಸರಿದಿದೆ. ಮೊದಲಿನ ಮಾಲೀಕರು ಸ್ಟ್ಯಾಂಡರ್ಡ್ ಹೆರಾಲ್ಡ್ (ಭಾರತದಲ್ಲಿ ತಯಾರಾದ ಟ್ರಯಂಫ್ ಹೆರಾಲ್ಡ್) ಕಾರಿನ ಪಾರ್ಟ್ಸ್ ಹಾಕಿಸಿದ್ದರಂತೆ. ಸರಿಯಾದ ಪಾರ್ಟ್ ಗುರುತಿಸುವುದು ಹೇಗೆ?
– ಓದುಗರು, ಬದಿಯಡ್ಕ

ಉತ್ತರ: ಜ್ಯಾಕ್ ಇಳಿಸಿದ ಮೇಲೆ ಗಾಡಿ ತಳ್ಳಿ ನೋಡಿದ್ದೀರಾ? ಸ್ವಿಂಗ್ ಆಕ್ಸಲ್ (ಹಿಂದಿನ ಎರಡೂ ಚಕ್ರಗಳು ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡುವ ಆಕ್ಸಲ್) ಗಾಡಿಯ ಚಕ್ರಗಳು ಜ್ಯಾಕ್ ಇಳಿಸಿದಾಗ ಮುದುಡಿಕೊಂಡೇ ನಿಲ್ಲುತ್ತವೆ. ಸ್ವಲ್ಪ ದೂರ ಹಿಂದೆ ಮುಂದೆ ಉರುಳಿಸಿ, ಇಬ್ಬರು ಕೂತು ನೋಡಿ. ಆಗಲೂ ಹಾಗೇ ಇದ್ದರೆ ಸ್ಪ್ರಿಂಗ್ ಮೇಲೆ ಅನುಮಾನ ಪಡಬಹುದು.

ಸೀಟಿನ ಹಿಂದಿನ ಮುಚ್ಚಳ ತೆಗೆದರೆ ಡಿಫರೆನ್ಷಿಯಲ್ (ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಮೇಲೆ ಅಡ್ಡಕ್ಕೆ ಕೂತ ಲೀಫ್ ಸ್ಪ್ರಿಂಗ್ ಕಾಣುತ್ತದೆ. ಹೆರಾಲ್ಡ್‌ನಲ್ಲೂ ಹಳೇ ಸ್ಪಿಟ್‌ಫೈರ್‌ಗಳಲ್ಲೂ ಎಲ್ಲಾ ಪ್ಲೇಟುಗಳೂ ಬಿಗಿಯಾಗಿ ಕೂತಿರುತ್ತವೆ. 1970ರಲ್ಲಿ ಬಂದ ಮಾರ್ಕ್ 4ರಲ್ಲಿ ಒಂದೇ ಪ್ಲೇಟು ಬಿಗಿ. ಉಳಿದವು ಪೆಟ್ಟಿಗೆಯಂಥ ಕ್ಲ್ಯಾಂಪಿನೊಳಗೆ ಓಲಾಡುತ್ತವೆ. ತಿರುವಿನಲ್ಲಿ ಚಕ್ರ ಒಳಕ್ಕೆ ಮಡಚಿಕೊಳ್ಳಬಾರದು ಅಂತಲೇ ಈ ಬದಲಾವಣೆ. ಜೊತೆಗೆ ಮುಂದಿನ ಆ್ಯಂಟಿ ರೋಲ್ ಬಾರ್ (ತಿರುವಿನಲ್ಲಿ ಗಾಡಿ ವಾಲುವುದನ್ನು ತಡೆಯುವ ಸರಳು) ದಪ್ಪ ಮಾಡಿದರು. ಸ್ಪ್ರಿಂಗ್ ಬದಲಾಯಿಸಿ ಬಾರ್ ಹಳೆಯದೇ ಬಿಟ್ಟರೆ ಅರ್ಧ ಕೆಲಸ. ಎರಡನ್ನೂ ಜೋಡಿಯಾಗಿಯೇ ತರಿಸಿ.

ಗಾಡಿಯಲ್ಲಿ ಈಗ ಇರುವ ಪಾರ್ಟ್ ಸಾಕ್ಷಿಯಲ್ಲ. ಯಾರೋ ಯಾವಾಗಲೋ ಹಾಕಿದ್ದು ಅದು. ಕಮಿಷನ್ ಪ್ಲೇಟ್, ಅಂದರೆ ಕಂಪನಿ ಗಾಡಿಯ ನಂಬರ್ ಕೊರೆದು ಹಚ್ಚಿದ ತಗಡು ನೋಡಿ. ಮಾರ್ಕ್ 4 ಆದರೆ ಎಫ್‌ಎಚ್, ಮಾರ್ಕ್ 3 ಆದರೆ ಎಫ್‌ಡಿ ಅಂತ ಶುರುವಾಗುತ್ತದೆ. ಆರ್ಡರ್ ಕೊಡುವಾಗ ಆ ನಂಬರೇ ಕೊಡಿ.

ಚೆನ್ನೈನ ಪುದುಪೇಟೆಯಲ್ಲಿ ಹಳೇ ಪಾರ್ಟ್ಸ್ ಹುಡುಕಲು ಹೊರಟರೆ ಒಂದು ಎಚ್ಚರಿಕೆ: ಹೆರಾಲ್ಡ್ ಆಧಾರದ ಮೇಲೆ ಬಂದ ಸ್ಟ್ಯಾಂಡರ್ಡ್ ಗೆಝೆಲ್ ಕಾರಿನ ಹಿಂಭಾಗದ ಸಾಮಾನು ನಿಮಗೆ ಸುಮ್ನೆ ದಂಡ. ಅದರಲ್ಲಿ ಸ್ವಿಂಗ್ ಆಕ್ಸಲ್ಲೇ ಇಲ್ಲ. ಮುಂಭಾಗಕ್ಕೆ ಹೆರಾಲ್ಡ್‌ನ ಕೆಲವು ಸಾಮಾನು ಹೊಂದುತ್ತವೆ. ಆದರೆ ಹಳೆಯದನ್ನು ಪಕ್ಕದಲ್ಲಿಟ್ಟು ಅಳತೆ ನೋಡದೆ ದುಡ್ಡು ಕೊಡಬೇಡಿ. ಹೆರಾಲ್ಡ್ ಕಾಯಿಲ್ ಸ್ಪ್ರಿಂಗ್ ಅಂತೂ ಬೇಡವೇ ಬೇಡ.

ಇನ್ನು ಟ್ರನಿಯನ್, ಅಂದರೆ ಮುಂದಿನ ಚಕ್ರ ಹಿಡಿದಿರುವ ನೆಟ್ಟಗಿನ ಕಂಬದ (ವರ್ಟಿಕಲ್ ಲಿಂಕ್) ಬುಡ ತಿರುಗಿ ಕೂರುವ ಸಾಮಾನು. ಎಡದ್ದಕ್ಕೂ ಬಲದ್ದಕ್ಕೂ ಮರೆ (ಸ್ಕ್ರೂ ಥ್ರೆಡ್) ಉಲ್ಟಾ, ಅದಲು ಬದಲು ಮಾಡುವಂತಿಲ್ಲ. ಇದಕ್ಕೆ ಗ್ರೀಸ್ ಅಲ್ಲ, 90 ನಂಬರಿನ ಗೇರ್ ಆಯಿಲ್ ಹಾಕಬೇಕು. ನಮ್ಮ ಗ್ಯಾರೇಜುಗಳಲ್ಲಿ ನಿಪ್ಪಲ್ ಕಂಡರೆ ಗ್ರೀಸ್ ಗನ್ ಒತ್ತುವ ಅಭ್ಯಾಸ ಜಾಸ್ತಿ, ಅಲ್ವಾ? ಗ್ರೀಸ್ ಮರೆಯೊಳಗೆ ಸರಿಯಾಗಿ ಇಳಿಯುವುದಿಲ್ಲ, ಕಾಸರಗೋಡಿನ ಮಳೆನೀರು ಇಳಿಯುತ್ತದೆ. ತುಕ್ಕು ಹಿಡಿದ ವರ್ಟಿಕಲ್ ಲಿಂಕ್ ಮರೆಯ ಹತ್ತಿರವೇ ತುಂಡಾಗಿ ಚಕ್ರ ಮಲಗಿಬಿಡುತ್ತದೆ. ಬಿಚ್ಚಿಸಿ, ಸೀಮೆಎಣ್ಣೆಯಲ್ಲಿ ತೊಳೆದು, ಉಗುರಿನಿಂದ ಮರೆ ಸವರಿ ನೋಡಿ. ಗುಂಡಿ ಗುಂಡಿ ಸಿಕ್ಕಿದರೆ ಲಿಂಕ್, ಟ್ರನಿಯನ್ ಎರಡೂ ಹೊಸದೇ ಹಾಕಿಸಿ.