ಹೆಚ್ಚು ಬೆಲೆ ಹೇಳಿದವರಿಗೆ ಜಾಗ ಕೊಡಲಿಲ್ಲವೇಕೆ?

ಪ್ರಶ್ನೆ: ಅಮೆರಿಕದಲ್ಲಿ ಮಗಳು ಇರುವ ಊರಿನ ಸಿಟಿ ಕೌನ್ಸಿಲ್, ಡೌನ್‌ಟೌನ್‌ನಲ್ಲಿ ಹಳೆ ಕಟ್ಟಡ ಕೆಡವಿ ಖಾಲಿ ಮಾಡಿಸಿದ ಜಾಗಕ್ಕೆ ಡೆವಲಪರ್‌ನನ್ನು ಆರಿಸಿದೆ. 30 ಲಕ್ಷ ಡಾಲರ್ ಕೊಡುತ್ತೇವೆ ಎಂದವರನ್ನು ಬಿಟ್ಟು 10 ಲಕ್ಷದವರಿಗೆ ಕೊಟ್ಟಿದ್ದಾರೆ. ಒಳಗೊಳಗೇ ಏನೋ ನಡೆದಿರಬೇಕಲ್ಲವೇ?

ಉತ್ತರ: ನಡೆದಿರಲೂಬಹುದು. ಆದರೆ ಬೆಲೆಯೊಂದನ್ನೇ ಹಿಡಿದು ಹಾಗೆ ಹೇಳಲಾಗದು. ಇಂಥ ಜಾಗದ ಬೆಲೆ ಹುಟ್ಟುವುದು ಅದರ ಮೇಲೆ ಏಳುವ ಕಟ್ಟಡದ ಲೆಕ್ಕದಿಂದ. ಒಂದು ಕಾಲ್ಪನಿಕ ಉದಾಹರಣೆ ನೋಡಿ. ಕಟ್ಟಡ ಮುಗಿದು ಬಾಡಿಗೆಗೆ ಹೋದ ಮೇಲೆ ಅದರ ಮೌಲ್ಯ 4 ಕೋಟಿ ಡಾಲರ್. ಕಟ್ಟುವ ಖರ್ಚು 2.9 ಕೋಟಿ. ನಕ್ಷೆ, ಪರವಾನಗಿ, ವಕೀಲರು, ಬಡ್ಡಿ ಸೇರಿ 60 ಲಕ್ಷ. ಡೆವಲಪರ್‌ನ ಲಾಭ 40 ಲಕ್ಷ. ಉಳಿಯುವುದು 10 ಲಕ್ಷ. ಜಾಗಕ್ಕೆ ಕೊಡಲು ಸಾಧ್ಯವಿರುವುದು ಅಷ್ಟೇ. ಅದೇ ಕಟ್ಟಡಕ್ಕೆ 30 ಲಕ್ಷ ಹೇಳಿದವರು ಉಳಿದ 20 ಲಕ್ಷವನ್ನು ಎಲ್ಲಿಂದ ತರುತ್ತಾರೆ? ಬಾಡಿಗೆಯನ್ನು ಏರಿಸಿ ಬರೆದಿರುತ್ತಾರೆ, ಇಲ್ಲವೇ ಖರ್ಚನ್ನು ಇಳಿಸಿ ಬರೆದಿರುತ್ತಾರೆ. ಅದೂ ಅಲ್ಲದಿದ್ದರೆ, ಮೊದಲು ಆಯ್ಕೆಯಾಗಿಬಿಡೋಣ, ಬೆಲೆಯ ಚೌಕಾಸಿ ಆಮೇಲೆ ನೋಡಿಕೊಳ್ಳೋಣ ಎಂಬ ಎಣಿಕೆ. ಮೇಲಿನ ಲೆಕ್ಕದಲ್ಲಿ ಕಟ್ಟಡದ ಮೌಲ್ಯ ಬರೀ ಶೇ 10ರಷ್ಟು ಕುಸಿದರೂ 40 ಲಕ್ಷ ಹೋಯಿತು, ಜಾಗದ ಬೆಲೆ ಸೊನ್ನೆಗಿಂತ 30 ಲಕ್ಷ ಕೆಳಗಿಳಿಯಿತು. ಆಗ ಆತ ಕೌನ್ಸಿಲ್ ಮುಂದೆ ಸಬ್ಸಿಡಿ ಕೇಳಿಕೊಂಡು ನಿಲ್ಲುತ್ತಾನೆ.

ಹಾಗಾಗಿ ಅನುಭವವುಳ್ಳ ನಗರಗಳು ಮೊದಲು ಅರ್ಹತೆ ನೋಡಿ ಮೂರ್ನಾಲ್ಕು ಮಂದಿಯನ್ನು ಉಳಿಸಿಕೊಳ್ಳುತ್ತವೆ, ಪೂರ್ತಿ ಯೋಜನೆ ಮತ್ತು ಲೆಕ್ಕಪತ್ರ ಕೇಳುವುದು ಅವರಿಂದ ಮಾತ್ರ. ನೋಡಬೇಕಾದ ಮುಖ್ಯ ವಿಷಯ ಹಣ ಎಲ್ಲಿಂದ ಬರುತ್ತದೆ ಎಂಬುದು. ‘ಈ ಯೋಜನೆಯಲ್ಲಿ ನಮಗೆ ಆಸಕ್ತಿಯಿದೆ’ ಎಂಬ ಪತ್ರವನ್ನು ಬ್ಯಾಂಕುಗಳು ಕೇಳಿದವರಿಗೆಲ್ಲ ಕೊಡುತ್ತವೆ, ಅದಕ್ಕೆ ಕಿಮ್ಮತ್ತಿಲ್ಲ. ಮೊತ್ತ, ಬಡ್ಡಿ, ಷರತ್ತು ನಮೂದಿಸಿದ ಮಂಜೂರಾತಿ ಪತ್ರ ಈ ಹಂತದಲ್ಲಿ ಯಾರ ಬಳಿಯೂ ಇರುವುದಿಲ್ಲ ಎಂಬುದೂ ನಿಜ. ಆದ್ದರಿಂದ ಸ್ವಂತ ಬಂಡವಾಳ ಎಷ್ಟು, ಅದು ಯಾರ ಹಣ, ಇದೇ ಗಾತ್ರದ ಕಟ್ಟಡವನ್ನು ಹಿಂದೆ ಮುಗಿಸಿದ್ದಾರೆಯೇ ಎಂದು ಕೇಳಬೇಕು. ಬಣ್ಣದ ಚಿತ್ರ, ಮರದ ಸಾಲು, ಕಾರಂಜಿಗಳಿಗೆ ಮನಸೋತು ಅಂಕ ಕೊಡುವ ಕೌನ್ಸಿಲರ್‌ಗಳೇ ಹೆಚ್ಚು, ಅದು ಬೇರೆ ಮಾತು.

ನೀವು ಅನುಮಾನಪಡಬೇಕಾದ ಜಾಗ ಒಂದಿದೆ. ಯಾವುದಕ್ಕೆ ಎಷ್ಟು ಅಂಕ ಎಂಬುದು ಪ್ರಸ್ತಾವ ಕರೆಯುವ ಮೊದಲೇ ಪ್ರಕಟವಾಗಿತ್ತೇ, ಲಕೋಟೆ ಒಡೆದ ಮೇಲೆ ಬದಲಾಯಿತೇ, ಅದನ್ನು ವಿಚಾರಿಸಿ.

ಪ್ರಶ್ನೆ: ಆಯ್ಕೆಯಾದವನು ಜಾಗ ಪಡೆದು ಕಟ್ಟದೇ ಕೂತರೆ?

ಉತ್ತರ: ಆಯ್ಕೆಯಾದ ದಿನವೇ ಕ್ರಯ ಮಾಡಿಕೊಟ್ಟರೆ ಹಾಗಾಗುತ್ತದೆ. ಸರಿಯಾದ ಕ್ರಮದಲ್ಲಿ ಮೊದಲು ಸಿಗುವುದು ಮಾತುಕತೆಯ ಹಕ್ಕು ಮಾತ್ರ. ಸಾಮಾನ್ಯವಾಗಿ 90ರಿಂದ 180 ದಿನ ನಗರ ಬೇರೆ ಯಾರೊಂದಿಗೂ ವ್ಯವಹರಿಸುವುದಿಲ್ಲ, ಅದಕ್ಕೆ ಪ್ರತಿಯಾಗಿ ಆತ ಠೇವಣಿ ಇಡುತ್ತಾನೆ. ಆ ಅವಧಿಯಲ್ಲಿ ಅಭಿವೃದ್ಧಿ ಕರಾರು ಸಿದ್ಧವಾಗಬೇಕು. ನಕ್ಷೆ ಒಪ್ಪಿಗೆ, ಪರವಾನಗಿ, ಸಾಲ, ಕೆಲಸದ ಆರಂಭ, ಪ್ರತಿಯೊಂದಕ್ಕೂ ತಾರೀಖು ಬರೆಯಬೇಕು. ಕ್ರಯಪತ್ರದ ನೋಂದಣಿ ನಡೆಯಬೇಕಾದದ್ದು ಬ್ಯಾಂಕಿನ ನಿರ್ಮಾಣ ಸಾಲದ ಕಾಗದಗಳಿಗೆ ಸಹಿ ಬೀಳುವ ದಿನವೇ. ಒಂದು ದಿನವೂ ಮೊದಲಲ್ಲ.

ಇಂತಿಷ್ಟು ದಿನದಲ್ಲಿ ಕೆಲಸ ಶುರುವಾಗದಿದ್ದರೆ ಜಾಗ ನಗರಕ್ಕೆ ಮರಳಬೇಕು ಎಂಬ ಷರತ್ತೂ ಬೇಕು. ಇಲ್ಲಿ ಬ್ಯಾಂಕು ತಕರಾರು ತೆಗೆಯುತ್ತದೆ: ಅಡಮಾನದ ಜಾಗವೇ ಕೈಬಿಟ್ಟರೆ ಸಾಲಕ್ಕೆ ಆಧಾರವೇನು? ರಾಜಿ ಹೀಗೆ ಆಗುತ್ತದೆ: ಡೆವಲಪರ್ ತಪ್ಪಿದರೆ ನಗರ ಮೊದಲು ಬ್ಯಾಂಕಿಗೆ ನೋಟಿಸ್ ಕೊಡುತ್ತದೆ, ಸರಿಪಡಿಸಲು ಅದಕ್ಕೆ ಹೆಚ್ಚುವರಿ ಕಾಲ ಸಿಗುತ್ತದೆ. ಇಷ್ಟೂ ಬೇಡವೆಂದು ಷರತ್ತನ್ನೇ ಕೈಬಿಡುವ ನಗರದ ಕೈಯಲ್ಲಿ ಮುಂದೆ ಯಾವ ಹಿಡಿತವೂ ಉಳಿಯುವುದಿಲ್ಲ.

ಇನ್ನೊಂದು ತೂತು ಹಂತಗಳಲ್ಲಿದೆ. ಲಾಭದ ಅಪಾರ್ಟ್‌ಮೆಂಟ್ ಮೊದಲ ಹಂತದಲ್ಲಿ, ಕಡಿಮೆ ಬಾಡಿಗೆಯ ಮನೆ ಮತ್ತು ಉದ್ಯಾನ ಮೂರನೆಯ ಹಂತದಲ್ಲಿ ಎಂದಿದ್ದರೆ ಮೂರನೆಯದು ಬಹಳ ಸಲ ಬರುವುದೇ ಇಲ್ಲ. ಅಪಾರ್ಟ್‌ಮೆಂಟಿನಲ್ಲಿ ಜನ ವಾಸಕ್ಕೆ ಬರಲು ಬೇಕಾದ ವಾಸಯೋಗ್ಯ ಪತ್ರವನ್ನು ಆ ಕಡಿಮೆ ಬಾಡಿಗೆಯ ಮನೆಗಳಿಗೆ ಕಟ್ಟಿಹಾಕಬೇಕು: ಅವು ಮುಗಿಯದೆ ಪತ್ರ ಕೊಡಬಾರದು.

ಪ್ರಶ್ನೆ: ಇಷ್ಟು ಎಚ್ಚರ ಬೇಕೇ? ಜಾಗ ಚೆನ್ನಾಗಿದ್ದರೆ ಯಾರಾದರೂ ಕಟ್ಟಿಯಾರು.

ಉತ್ತರ: ಅಮೆರಿಕದ ನಗರಗಳು 1949ರ ವಸತಿ ಕಾಯ್ದೆಯ ಬಳಿಕ ಹಾಗೆಯೇ ಎಣಿಸಿದ್ದವು. ಜಾಗ ಕೊಂಡು, ಕೆಡವಿ, ಅಗ್ಗದಲ್ಲಿ ಮಾರಿದ ನಷ್ಟದ ಮೂರನೇ ಎರಡು ಭಾಗವನ್ನು ಸಾಮಾನ್ಯವಾಗಿ ಕೇಂದ್ರ ಸರ್ಕಾರ ತುಂಬುತ್ತಿತ್ತು. ಹಾಗಾಗಿ ಕೆಡವುವ ಕೆಲಸ ಮುಂದೋಡಿತು, ಕಟ್ಟುವುದು ಹಿಂದುಳಿಯಿತು. ಶಿಕಾಗೋದ ಡೌನ್‌ಟೌನ್ ಆದ ಲೂಪ್ ಪ್ರದೇಶದಲ್ಲಿ ‘ಬ್ಲಾಕ್ 37’ ಎಂಬ ಚೌಕವನ್ನು 1989ರಲ್ಲಿ ಕೆಡವಿದರು. ಅದಕ್ಕಿಂತ ಒಳ್ಳೆಯ ಜಾಗ ಆ ನಗರದಲ್ಲಿ ಹುಡುಕುವುದು ಕಷ್ಟ, ಆದರೂ 15 ವರ್ಷಕ್ಕೂ ಹೆಚ್ಚು ಕಾಲ ಖಾಲಿ ಬಿದ್ದಿತ್ತು. ಕನೆಕ್ಟಿಕಟ್ ರಾಜ್ಯದ ನ್ಯೂ ಲಂಡನ್ ನಗರ ಡೆವಲಪರ್‌ನಿಂದ ಹೊಸದಾಗಿ ಕಟ್ಟಿಸಲೆಂದು ಮನೆಗಳನ್ನು ಸ್ವಾಧೀನ ಮಾಡಿಕೊಂಡದ್ದನ್ನು 2005ರಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಎತ್ತಿಹಿಡಿಯಿತು. ಡೆವಲಪರ್‌ಗೆ ಸಾಲ ಹುಟ್ಟಲಿಲ್ಲ. ಮನೆಗಳಿದ್ದ ಜಾಗದಲ್ಲಿ ವರ್ಷಗಟ್ಟಲೆ ಹುಲ್ಲು ಬೆಳೆಯಿತು.

ಪ್ರಶ್ನೆ: ಮಣ್ಣಿನ ಪರೀಕ್ಷೆ ಯಾರ ಖರ್ಚು?

ಉತ್ತರ: ಪ್ರಸ್ತಾವ ಕರೆಯುವ ಮೊದಲೇ ನಗರ ಮಾಡಿಸುವುದು ಮೇಲು. ಹಳೆಯ ಡೌನ್‌ಟೌನ್ ಎಂದರೆ ಪೆಟ್ರೋಲ್ ಬಂಕ್, ಡ್ರೈ ಕ್ಲೀನಿಂಗ್ ಅಂಗಡಿ ಇದ್ದೇ ಇರುತ್ತಿದ್ದವು. ನೆಲದಡಿಯ ಟ್ಯಾಂಕು, ಮಣ್ಣಿಗಿಳಿದ ದ್ರಾವಕ ಸಿಗುತ್ತವೆ. ಮೊದಲ ಹಂತದಲ್ಲಿ ದಾಖಲೆ ಮತ್ತು ಸ್ಥಳ ಪರಿಶೀಲನೆ, ಅನುಮಾನ ಬಂದರೆ ಎರಡನೆಯದರಲ್ಲಿ ಕೊರೆದು ಮಣ್ಣು, ಅಂತರ್ಜಲದ ಮಾದರಿ. ಆಯ್ಕೆಯಾದ ಮೇಲೆ ಟ್ಯಾಂಕು ಸಿಕ್ಕರೆ ಎದುರಾಳಿಗಳೆಲ್ಲ ಆಗಲೇ ಹೋಗಿಯಾಗಿರುತ್ತದೆ, ಬೆಲೆ ಇಳಿಸಿ ಎಂದು ಒಬ್ಬನೇ ಹೇಳಿದರೂ ಕೇಳಲೇಬೇಕಾಗುತ್ತದೆ.

ಪ್ರಶ್ನೆ: ಮುಂದೆ ಬರುವ ತೆರಿಗೆಯಿಂದಲೇ ಖರ್ಚು ತುಂಬುತ್ತೇವೆ ಎನ್ನುತ್ತಿದ್ದಾರೆ. ನಂಬಬಹುದೇ?

ಉತ್ತರ: ವಿಧಾನ ಹಳೆಯದು, 1952ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದದ್ದು. ಇಂದು ಆ ಜಾಗದ ತೆರಿಗೆ ವರ್ಷಕ್ಕೆ 1 ಲಕ್ಷ ಡಾಲರ್, ಕಟ್ಟಿದ ಮೇಲೆ 5 ಲಕ್ಷ ಎಂದಿಟ್ಟುಕೊಳ್ಳಿ. ಹೆಚ್ಚಳದ 4 ಲಕ್ಷ ಯೋಜನೆಗೆ ಹೋಗುತ್ತದೆ, ಹಲವೆಡೆ ಶಾಲೆಗಳ ಪಾಲೂ ಅದರಲ್ಲಿ ಸೇರಿರುತ್ತದೆ. ಕೇಳಬೇಕಾದದ್ದು, ನಗರ ಮೊದಲೇ ಬಾಂಡ್ (ಸಾಲಪತ್ರ) ಮಾರಿ ಹಣ ಕೊಡುತ್ತದೆಯೋ ಅಥವಾ ಡೆವಲಪರ್ ತಾನೇ ಖರ್ಚು ಮಾಡಿ, ತೆರಿಗೆ ಕೈಗೆ ಬಂದಂತೆ ವಾಪಸು ಪಡೆಯುತ್ತಾನೋ ಎಂದು. ಎರಡನೆಯದರಲ್ಲಿ ಕಟ್ಟಡ ಏಳದಿದ್ದರೆ ನಷ್ಟ ಅವನದು. ಮೊದಲನೆಯದಾದರೆ, ಬಾಂಡಿಗೆ ನಗರದ ಸಾಮಾನ್ಯ ಆದಾಯವೂ ಹೊಣೆಯೇ ಎಂಬ ಸಾಲನ್ನು ಹುಡುಕಿ ಓದಿ.