ಬೀಡಿ ಬಿಡುವುದಕ್ಕೆ ಕಲ್ಪನೆ ಸಹಾಯ ಮಾಡುತ್ತಾ? ಗೌಡ್ರಿಗೆ ಉತ್ತರ

ಗೌಡ್ರೇ, ಕಣ್ಣು ಮುಚ್ಚಿ ಬೀಡಿ ಬಿಟ್ಟ ಹಾಗೆ ಕಲ್ಪಿಸಿಕೊಂಡರೆ ನಿಜಕ್ಕೂ ಬಿಡಲು ಆಗುತ್ತಾ ಅಂತ ಕೇಳಿದ್ದೀರಿ. ಸಹಾಯ ಆಗುತ್ತದೆ. ಆದರೆ ಏನನ್ನು ಕಲ್ಪಿಸಿಕೊಳ್ಳುತ್ತೀರಿ ಅನ್ನುವುದು ಮುಖ್ಯ. ನಾನು 22 ವರ್ಷ ಸೇದಿದವನು. ಮೊದಲ ಸಲ ಸೋತು, ಎರಡನೇ ಸಲಕ್ಕೆ ಬಿಟ್ಟೆ.

ಮೊದಲ ಸಲ ದಿನಾ ಮಲಗುವ ಮುಂಚೆ, ಗುಡ್ಡ ಹತ್ತಿದರೂ ಏದುಸಿರಿಲ್ಲ, ಮನೆಯವರೆಲ್ಲ ಖುಷಿಯಾಗಿದ್ದಾರೆ ಅಂತ ನೆನೆಸಿಕೊಳ್ಳುತ್ತಿದ್ದೆ. ತುಂಬಾ ಹಿತವಾಗಿತ್ತು. ಆರನೇ ದಿನ ಅಡಿಕೆ ಬೇಯಿಸುವ ಒಲೆ ಮುಂದೆ ಪಕ್ಕದವನು ಕೆಂಡದಲ್ಲಿ ಬೀಡಿ ಹಚ್ಚಿದ. ನನ್ನ ಕೈ ತಾನಾಗೇ ಮುಂದೆ ಹೋಯಿತು. ಗೆದ್ದ ಮೇಲಿನ ಚಿತ್ರ ನನ್ನ ಹತ್ತಿರ ಇತ್ತು, ಒಲೆ ಮುಂದಿನ ಚಿತ್ರ ಇರಲಿಲ್ಲ. ಜರ್ಮನಿಯ ಮನಶ್ಶಾಸ್ತ್ರಜ್ಞೆ ಗೇಬ್ರಿಯೆಲೆ ಓಟಿಂಗೆನ್ ಅವರ ಸಂಶೋಧನೆಯೂ ಇದನ್ನೇ ಹೇಳುತ್ತದೆ: ಬರೀ ಸಿಹಿ ಫಲವನ್ನು ನೆನೆಯುತ್ತಾ ಕೂತರೆ ದುಡಿಯುವ ಹುರುಪು ಇಳಿಯುತ್ತದೆ. ಅಡ್ಡ ಬರುವುದನ್ನೂ ಅದರ ಪಕ್ಕದಲ್ಲೇ ಕಣ್ಣ ಮುಂದೆ ತಂದುಕೊಳ್ಳಬೇಕು.

ಹಾಗಾಗಿ ಎರಡನೇ ಸಲ ಒಲೆಯಿಂದಲೇ ಶುರು ಮಾಡಿದೆ. ಹಂಡೆಯಲ್ಲಿ ಚೊಗರು (ಅಡಿಕೆ ಬೇಯಿಸುವ ರಸ) ಕೊತಕೊತ ಕುದಿಯುತ್ತಿದೆ. ಮುಖಕ್ಕೆ ಬಿಸಿ, ಬೆನ್ನಿಗೆ ಚಳಿ. ಪಕ್ಕದವನು ಬೀಡಿ ಕಟ್ಟು ಚಾಚುತ್ತಾನೆ. ಎದೆಯಲ್ಲಿ ಆ ಎಳೆತ ಏಳುತ್ತದೆ (ಅದನ್ನು ಬಿಡದೆ ಕಲ್ಪಿಸಿಕೊಳ್ಳಿ, ತಪ್ಪಿಸಬೇಡಿ). "ಬೇಡ ಮಾರಾಯ, ಬಿಟ್ಟಿದ್ದೇನೆ" ಅನ್ನುತ್ತೇನೆ. ಎದ್ದು ಗುಡ್ಡದಿಂದ ಇಳಿದು ಬರುವ ಅಬ್ಬಿ ನೀರಿಗೆ ಮೊಣಕೈವರೆಗೆ ಕೈ ಒಡ್ಡುತ್ತೇನೆ. ತಣ್ಣನೆ ನೀರು ಬೆರಳ ಸಂದಿಯಲ್ಲಿ ಇಳಿಯುತ್ತದೆ. ಇಷ್ಟೇ. ದಿನಾ ಐದು ನಿಮಿಷ, ಬಿಡುವ ದಿನಕ್ಕಿಂತ ಎರಡು ವಾರ ಮುಂಚಿನಿಂದ ಇದನ್ನೇ ಮಾಡಿದೆ. ಬೆಳಗಿನ ಕಾಫಿಗೆ, ಬಸ್‌ಸ್ಟ್ಯಾಂಡಿಗೆ ಬೇರೆ ಬೇರೆ ಚಿತ್ರ. ಆ ಹೊತ್ತು ನಿಜವಾಗಿ ಬಂದಾಗ ಕಾಲು ತಾನಾಗೇ ಅಬ್ಬಿ ಕಡೆ ಹೋಯಿತು.

ಇನ್ನೊಂದು ವಿಷಯ. ಚಟದ ಎಳೆತವೇ ಒಂದು ಚಿತ್ರ. ಹೊಗೆಯ ವಾಸನೆ, ತುಟಿಗೆ ತಾಗುವ ಎಲೆ, ಮೊದಲ ದಮ್ಮು, ಇಂಥ ಚಿತ್ರಗಳು ಮನಸ್ಸಿನಲ್ಲಿ ಮೂಡಿಯೇ ಆಸೆ ಬೆಳೆಯುತ್ತದೆ ಅಂತ ಕವನಾ, ಆಂಡ್ರೇಡ್, ಮೇ ಎಂಬ ಸಂಶೋಧಕರು 2005ರಲ್ಲಿ ಬರೆದರು. ಮನಸ್ಸಿನ ಅಂಗಳ ಚಿಕ್ಕದು. ಅಲ್ಲಿಗೆ ಇನ್ನೊಂದು ಗಟ್ಟಿ ಚಿತ್ರ ತಂದರೆ ಬೀಡಿಗೆ ಜಾಗ ಕಮ್ಮಿಯಾಗುತ್ತದೆ. ನನಗೆ ಒದಗಿದ್ದು ಸಿಂಗಾರ, ಅಂದರೆ ಅಡಿಕೆ ಹೂವಿನ ಗೊಂಚಲು. ಹೊಂಬಾಳೆ ಆಗಷ್ಟೇ ಒಡೆದಿದೆ, ಅಕ್ಕಿಕಾಳಿನಂಥ ಹೂವು, ಮೂಗು ಹತ್ತಿರ ತಂದರೆ ಆ ಘಮ. ಎಳೆತ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ, ಅಷ್ಟು ಹೊತ್ತು ಅದರಲ್ಲೇ ಇರಿ. "ಬೀಡಿ ಬೇಡ ಬೇಡ" ಅಂತ ಜಪ ಮಾಡಬೇಡಿ, ಆಗಲೂ ಕಣ್ಣ ಮುಂದೆ ಬರುವುದು ಬೀಡಿಯೇ. ಕಪ್ಪಾದ ಶ್ವಾಸಕೋಶದ ಚಿತ್ರ ಕೆಲವರಿಗೆ ನಾಟಬಹುದು. ನನಗಂತೂ ಹೆದರಿಕೆ ಆದಾಗಲೇ ಜಾಸ್ತಿ ಸೇದಬೇಕು ಅನ್ನಿಸುತ್ತಿತ್ತು.

ಆದರೆ ತಂಬಾಕಿನಲ್ಲಿರುವ ನಿಕೋಟಿನ್ ಅನ್ನುವುದು ಮೈಗೆ ಹತ್ತಿದ್ದು, ಬರೀ ಮನಸ್ಸಿಗಲ್ಲ. ಮೊದಲ ಎರಡು ಮೂರು ದಿನ ಬಹಳ ಕಷ್ಟ. ಸಿಡುಕು, ನಿದ್ದೆಗೇಡು ಕೆಲವು ವಾರ ಇರುತ್ತದೆ. ದಯವಿಟ್ಟು ಕಲ್ಪನೆಯನ್ನೇ ನಂಬಿ ಕೂರಬೇಡಿ. ಮೆಡಿಕಲ್ ಶಾಪಿನಲ್ಲಿ 2 ಮಿ.ಗ್ರಾಂ. ನಿಕೋಟಿನ್ ಗಮ್ ಸಿಗುತ್ತದೆ. ಅದನ್ನು ಎಲೆಅಡಿಕೆ ತರ ಜಗಿಯಬಾರದು. ನಿಧಾನ ಅಗಿದು, ಖಾರ ಬಂದ ಕೂಡಲೇ ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಬೇಕು. ಹೃದಯದ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ತಂಬಾಕು ಬಿಡಿಸುವ ಸರ್ಕಾರದ ಉಚಿತ ಸಹಾಯವಾಣಿ 1800-11-2356, ಬೆಂಗಳೂರಿನ ನಿಮ್ಹಾನ್ಸ್ ಅದರ ಒಂದು ಕೇಂದ್ರ. ಮತ್ತೆ, ಬೀಡಿ ಬದಲು ಹೊಗೆಸೊಪ್ಪು ಹಾಕಿ ಕವಳ (ಎಲೆಅಡಿಕೆ) ಶುರು ಮಾಡಬೇಡಿ, ಅಲ್ಲಿರುವುದೂ ಅದೇ ನಿಕೋಟಿನ್.

ಅಡಿಕೆ ಕೊನೆ ಕೊಯ್ಲು ಶುರುವಾಗುವ ಮುಂಚೆಯೇ ದಿನ ಗೊತ್ತು ಮಾಡಿಕೊಳ್ಳಿ ಗೌಡ್ರೇ. ಯಾವ ಹೊತ್ತಿನ ಬೀಡಿ ನಿಮಗೆ ಬಿಡಲಾಗದ್ದು, ಆಗ ಎಲ್ಲಿ ಕೂತಿರುತ್ತೀರಿ, ಪಕ್ಕದಲ್ಲಿ ಯಾರಿರುತ್ತಾರೆ ಅಂತ ಇಲ್ಲಿ ಬರೆಯಿರಿ. ಆ ಹೊತ್ತಿನ ಚಿತ್ರವನ್ನು ಕೂಡಿಯೇ ಕಟ್ಟೋಣ.